ನಾಲೆಯ ನೀರಿನಲ್ಲಿ ಡೇಟಾ ಸೆಂಟರ್ ನಡೆದೀತೇ? ಭದ್ರಾ ಅಚ್ಚುಕಟ್ಟಿನ ಕಿರು ಜಲವಿದ್ಯುತ್ತಿನ ಲೆಕ್ಕ

ಬೆಂಗಳೂರಿನಲ್ಲಿ ಜಾಗವೂ ನೀರೂ ದುಬಾರಿಯಾಗಿರುವಾಗ ಡೇಟಾ ಸೆಂಟರ್ ಕಟ್ಟುವವರು ಹೆದ್ದಾರಿ ಹಿಡಿದು ಮಧ್ಯ ಕರ್ನಾಟಕದತ್ತ ನೋಡುವುದು ಸಹಜ. ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರಗಳನ್ನು ಪೋಣಿಸಿಕೊಂಡು ಹೋಗುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಫೈಬರ್‌ನಲ್ಲಿ ಬೆಳಕು ಅಷ್ಟು ದೂರ ಹೋಗಿ ಬರಲು ಮೂರು ಮಿಲಿಸೆಕೆಂಡೂ ಬೇಕಿಲ್ಲ. ರಾಜ್ಯದ 2022ರ ಡೇಟಾ ಸೆಂಟರ್ ನೀತಿ ಕೂಡ ಬೆಂಗಳೂರಿನ ಹೊರಗೆ ಹೂಡಿಕೆ ಬರಲಿ ಎನ್ನುತ್ತದೆ. ಇದರ ಜೊತೆಗೇ ಹುಟ್ಟುವ ಇನ್ನೊಂದು ಆಸೆ ಇದು: ಭದ್ರಾ ನಾಲೆಯಲ್ಲಿ ಅಷ್ಟೊಂದು ನೀರು ಹರಿಯುತ್ತದೆ, ಡ್ರಾಪ್ ಇರುವ ಕಡೆ, ಅಂದರೆ ನಾಲೆ ಮೆಟ್ಟಿಲಿನ ಹಾಗೆ ಕೆಳಗಿಳಿಯುವ ಜಾಗದಲ್ಲಿ, ಟರ್ಬೈನ್ ಕೂರಿಸಿ ಪಕ್ಕದಲ್ಲೇ ಡೇಟಾ ಸೆಂಟರ್ ಕಟ್ಟಿದರೆ ಕರೆಂಟ್ ಬಿಲ್ಲಿನ ಚಿಂತೆಯೇ ಇರುವುದಿಲ್ಲ.

ಟರ್ಬೈನ್ ಕೂರಿಸಬಹುದು, ಡೇಟಾ ಸೆಂಟರನ್ನೂ ಕಟ್ಟಬಹುದು. ಎರಡನ್ನೂ ಒಂದಕ್ಕೊಂದು ಗಂಟು ಹಾಕುವ ಮುಂಚೆ ಮಾತ್ರ ಎಷ್ಟು ಮೆಗಾವಾಟ್ ಎಂದು ಕೇಳಿದರೆ ಸಾಲದು. ವರ್ಷದ 8,760 ಗಂಟೆಗಳಲ್ಲಿ ಎಷ್ಟು ಗಂಟೆ ನೀರು ಬರುತ್ತದೆ, ಗೇಟ್ ಎತ್ತುವ ಇಳಿಸುವ ಅಧಿಕಾರ ಯಾರದು ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಮೆಗಾವಾಟಿನ ಮಾತು.

ಒಬ್ಬ ದೊಡ್ಡ ಗ್ರಾಹಕನಿಗಾಗಿ ಜಲವಿದ್ಯುತ್ ಕಟ್ಟುವುದು ನಮ್ಮ ರಾಜ್ಯಕ್ಕೆ ಹೊಸತಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟರು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಶಿವನಸಮುದ್ರಕ್ಕೆ ಒಂದೇ ಸಮನೆ ನೀರು ಒದಗಿಸುವುದೂ ಸೇರಿತ್ತು. ನಿಲ್ಲದ ಲೋಡಿಗೆ, ಅಂದರೆ ಬಿಡುವಿಲ್ಲದ ವಿದ್ಯುತ್ ಬೇಡಿಕೆಗೆ, ಹರಿಯುವ ನೀರೊಂದೇ ಸಾಲದು, ಹಿಂದೆ ಸಂಗ್ರಹ ಇರಬೇಕು, ಆ ಸಂಗ್ರಹವನ್ನು ಬಿಡುವಾಗ ಲೋಡಿನ ಅಗತ್ಯಕ್ಕೆ ಬೆಲೆ ಇರಬೇಕು ಎಂಬುದು ಅಂದೇ ತಿಳಿದ ಸಂಗತಿ. ಭದ್ರೆಯಲ್ಲಿ ಸಂಗ್ರಹವಿದೆ. ಅದನ್ನು ಬಿಡುವ ವೇಳಾಪಟ್ಟಿ ಬರೆಯುವುದು ಭತ್ತ, ಅಡಿಕೆ, ತೆಂಗು ಮತ್ತು ಕುಡಿಯುವ ನೀರು.

ಲೋಡಿನ ಸ್ವಭಾವ

ಲೆಕ್ಕಕ್ಕೆ ಒಂದು ಚಿಕ್ಕ ಡೇಟಾ ಸೆಂಟರ್ ಹಿಡಿಯೋಣ. ಸರ್ವರ್‌ಗಳ ಲೋಡ್ 400 ಕಿಲೋವಾಟ್. ತಂಪು ಮಾಡುವ ಯಂತ್ರ, ಯುಪಿಎಸ್ ನಷ್ಟ, ದೀಪ ಎಲ್ಲ ಸೇರಿ ಅದರ ಒಂದೂವರೆ ಪಟ್ಟು, ಅಂದರೆ 600 ಕಿಲೋವಾಟ್ ಬೇಕು. ಈ ಒಂದೂವರೆಯನ್ನೇ ಪಿಯುಇ ಎನ್ನುತ್ತಾರೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಇನ್ನೂ ಕೆಳಗಿಳಿಸುವುದು ಸುಲಭವಲ್ಲ. 600 ಕಿಲೋವಾಟ್ ವರ್ಷವಿಡೀ ನಡೆದರೆ 52.5 ಲಕ್ಷ ಯೂನಿಟ್. ಸರ್ವರ್ ಜೋಡಿಸುವ ಕಪಾಟು, ಅಂದರೆ ಒಂದು ರ‍್ಯಾಕಿಗೆ 5ರಿಂದ 10 ಕಿಲೋವಾಟ್ ಎಳೆಯುವ ಸಾಮಾನ್ಯ ಸರ್ವರ್‌ಗಳಾದರೆ ಇದರಲ್ಲಿ 40ರಿಂದ 80 ರ‍್ಯಾಕ್ ನಡೆಯುತ್ತವೆ. ಕೃತಕ ಬುದ್ಧಿಮತ್ತೆಗೆಂದು ಈಗ ಬರುತ್ತಿರುವ ರ‍್ಯಾಕ್‌ಗಳಲ್ಲಿ ಕೆಲವು ಒಂದೊಂದೇ 120 ಕಿಲೋವಾಟ್ ಎಳೆಯುತ್ತವೆ, ಅಂಥವಾದರೆ ಮೂರೇ.

ಈ ಲೋಡ್ ಹಗಲು ರಾತ್ರಿ ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಕಾರ್ಖಾನೆಯ ಹಾಗೆ ಭಾನುವಾರ ರಜೆ ಇಲ್ಲ. ಡೇಟಾ ಸೆಂಟರ್ ಎಷ್ಟು ನಂಬಿಕಸ್ಥ ಎಂದು ಅಳೆಯುವ ಶ್ರೇಣಿಯಲ್ಲಿ ಟಿಯರ್ 3 ದರ್ಜೆಯ ಜೊತೆ ರೂಢಿಯಲ್ಲಿ ಹೇಳುವ ಲಭ್ಯತೆ ಶೇ 99.982. ಅಂದರೆ ವರ್ಷಕ್ಕೆ ಸುಮಾರು ಒಂದು ಗಂಟೆ ಮೂವತ್ತೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಸರ್ವರಿನೊಳಗಿನ ಪವರ್ ಸಪ್ಲೈ ತನ್ನ ಕೆಪಾಸಿಟರ್ ಬಲದಲ್ಲಿ ತಡೆದುಕೊಳ್ಳುವುದು ಸುಮಾರು 20 ಮಿಲಿಸೆಕೆಂಡ್, 50 ಹರ್ಟ್ಸ್‌ನ ಒಂದೇ ಒಂದು ಸುತ್ತು. ಅದರಾಚೆ ಯುಪಿಎಸ್ ಬ್ಯಾಟರಿ ಕೆಲವು ನಿಮಿಷ, ಆಮೇಲೆ ಡೀಸೆಲ್ ಜನರೇಟರ್.

ನೀರಿನ ಲೆಕ್ಕ, ಕಾಗದದ್ದು ಮತ್ತು ಕೈಗೆ ಸಿಗುವುದು

ಸೂತ್ರ ಸರಳ. ಕಿಲೋವಾಟ್ ಎಂದರೆ 9.81 × ಹರಿವು × ಹೆಡ್ × ದಕ್ಷತೆ. ಹರಿವು ಸೆಕೆಂಡಿಗೆ ಘನ ಮೀಟರ್‌ನಲ್ಲಿ ಇರಬೇಕು. ಒಂದು ಘನ ಮೀಟರ್ ಎಂದರೆ 35.3 ಕ್ಯುಸೆಕ್. ಹೆಡ್ ಎಂದರೆ ಮೇಲಿನ ನೀರಿನ ಮಟ್ಟಕ್ಕೂ ಕೆಳಗಿನ ಮಟ್ಟಕ್ಕೂ ಇರುವ ಅಂತರ, ಮೀಟರ್‌ನಲ್ಲಿ. ಟಿಎಂಸಿ ಲೆಕ್ಕದಲ್ಲಿ ಯೋಚಿಸುವವರಿಗೆ ಇನ್ನೊಂದು ಅಳತೆ: ಒಂದು ಟಿಎಂಸಿ ನೀರು ಒಂದು ಮೀಟರ್ ಇಳಿದರೆ, ಶೇ 80ರ ದಕ್ಷತೆಯಲ್ಲಿ, ಸುಮಾರು 62 ಸಾವಿರ ಯೂನಿಟ್ ಸಿಗುತ್ತದೆ.

ಈಗ ನಾಲೆಯ ಒಂದು ಡ್ರಾಪ್ ತೆಗೆದುಕೊಳ್ಳೋಣ. ಐದು ಮೀಟರ್ ಇಳಿತ, ಪೂರ್ಣ ಹರಿವು 20 ಘನ ಮೀಟರ್, ಅಂದರೆ 706 ಕ್ಯುಸೆಕ್. ಇದು ಲೆಕ್ಕಕ್ಕೆ ಹಿಡಿದ ಡ್ರಾಪ್, ಯಾವುದೇ ನಿರ್ದಿಷ್ಟ ಜಾಗದ್ದಲ್ಲ. ನಷ್ಟವನ್ನು ಮರೆತು ಗುಣಿಸಿದರೆ 981 ಕಿಲೋವಾಟ್, ಯೋಜನೆಯ ಮೊದಲ ಪುಟದಲ್ಲಿ ಕಾಣಿಸುವ ಅಂಕಿ. ಕಸ ತಡೆಯುವ ಜಾಲರಿ, ಒಳಹರಿವಿನ ತಿರುವು, ಹೊರಹರಿವಿನ ನಷ್ಟ ಸೇರಿ 0.4 ಮೀಟರ್ ಹೋದರೆ ಉಳಿಯುವ ಹೆಡ್ 4.6. ಟರ್ಬೈನ್ ಶೇ 88, ಗೇರ್‌ಬಾಕ್ಸ್ ಶೇ 97, ಜನರೇಟರ್ ಶೇ 95, ಟ್ರಾನ್ಸ್‌ಫಾರ್ಮರ್ ಶೇ 98.5. ಇವನ್ನೆಲ್ಲ ಒಂದಕ್ಕೊಂದು ಗುಣಿಸಿದರೆ ಶೇ 80. ಕೈಗೆ ಸಿಗುವುದು 722 ಕಿಲೋವಾಟ್. ಘಟಕದ ಸ್ವಂತ ಬಳಕೆ ಕಳೆದರೆ 715. ಇಳಿತ ಕಡಿಮೆ ಇರುವ ಕಡೆ ಅರ್ಧ ಅಡಿಗೂ ಬೆಲೆ ಇದೆ. ಕೆಳಗಿನ ನಾಲೆ ತುಂಬಿ ಹರಿದು ಅಲ್ಲಿನ ಮಟ್ಟ ಅರ್ಧ ಮೀಟರ್ ಏರಿದರೆ ಶೇ 11ರಷ್ಟು ಉತ್ಪಾದನೆ ಹೋಗುತ್ತದೆ.

715 ಕಿಲೋವಾಟ್ ಸಿಗುತ್ತದೆ, ಬೇಕಿರುವುದು 600, ಸಾಕಲ್ಲ ಎಂದು ಬಹಳ ಜನ ಇಲ್ಲೇ ಲೆಕ್ಕ ಮುಗಿಸುತ್ತಾರೆ. ಆದರೆ 20 ಘನ ಮೀಟರ್ ನಾಲೆಯ ಪೂರ್ಣ ಸಾಮರ್ಥ್ಯ. ದಿನವೂ ಬರುವ ನೀರು ಅಷ್ಟಿರುವುದಿಲ್ಲ. ಮಳೆಗಾಲದ ಬೆಳೆಗೆ 120 ದಿನ, ಬೇಸಿಗೆ ಬೆಳೆಗೆ 110 ದಿನ ನೀರು ಬಿಟ್ಟರೆ ಅದು ಒಳ್ಳೆಯ ವರ್ಷ. ಆ 230 ದಿನಗಳಲ್ಲಿ ಸರಾಸರಿ ಹರಿವು ಪೂರ್ಣದ ಶೇ 65, ರಿಪೇರಿಗೆ ಶೇ 5 ಸಮಯ ಕಳೆಯಿತು ಎಂದು ಹಿಡಿದರೆ ವರ್ಷದ ಉತ್ಪಾದನೆ 24.4 ಲಕ್ಷ ಯೂನಿಟ್. ಡೇಟಾ ಸೆಂಟರಿಗೆ ಬೇಕಾದ 52.5 ಲಕ್ಷದಲ್ಲಿ ಅರ್ಧವೂ ಇಲ್ಲ. ಶೇ 65ರ ಹರಿವಿನ ದಿನ ಘಟಕ ಕೊಡುವುದು 465 ಕಿಲೋವಾಟ್. ನೀರು ಇರುವ ದಿನವೂ ಲೋಡ್ ಪೂರ್ತಿ ಹೊರಲಾಗುವುದಿಲ್ಲ.

ಉಳಿದ 135 ದಿನ ಶೂನ್ಯ. ಈ ಶೂನ್ಯವನ್ನು ಬ್ಯಾಟರಿ ತುಂಬುತ್ತದೆ ಎನ್ನುವವರಿಗೆ ಒಂದೇ ಲೆಕ್ಕ ಸಾಕು. 600 ಕಿಲೋವಾಟ್‌ಗೆ 135 ದಿನಕ್ಕೆ 19.4 ಲಕ್ಷ ಯೂನಿಟ್ ಬೇಕು. ಈಗಿನ ಇಪ್ಪತ್ತು ಅಡಿಯ ಒಂದು ಬ್ಯಾಟರಿ ಕಂಟೇನರಿನಲ್ಲಿ ಹಿಡಿಯುವುದು ಸುಮಾರು ಐದು ಸಾವಿರ ಯೂನಿಟ್. ಹತ್ತಿರ ಹತ್ತಿರ 390 ಕಂಟೇನರ್ ಬೇಕಾಗುತ್ತದೆ, ಅದೂ ವರ್ಷಕ್ಕೆ ಒಂದೆರಡು ಸಲ ಖಾಲಿ ಮಾಡಲು. ಡೀಸೆಲ್ ಲೀಟರಿಗೆ 3.6 ಯೂನಿಟ್ ಎಂದರೆ 5.4 ಲಕ್ಷ ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೂ ಇಂಧನಕ್ಕೇ 4.86 ಕೋಟಿ. ಬ್ಯಾಟರಿ ಗಂಟೆಗಳ ಅಂತರಕ್ಕೆ, ಡೀಸೆಲ್ ಒಂದೆರಡು ದಿನದ ಅಂತರಕ್ಕೆ. ತಿಂಗಳುಗಟ್ಟಲೆ ಅಂತರ ತುಂಬಲು ಗ್ರಿಡ್ ಬಿಟ್ಟು ದಾರಿ ಇಲ್ಲ.

ಹರಿವಿನ ದಾಖಲೆ ಓದುವಾಗ ಸರಾಸರಿಯ ಬಲೆಗೆ ಬೀಳಬಾರದು. ಆರು ತಿಂಗಳು 20, ಆರು ತಿಂಗಳು ಸೊನ್ನೆ ಹರಿದರೆ ಸರಾಸರಿ ಹತ್ತು. ಆದರೆ ಹತ್ತು ಹರಿದ ದಿನ ಒಂದೂ ಇರುವುದಿಲ್ಲ. ಕನಿಷ್ಠ ಹತ್ತು ವರ್ಷದ ದಿನವಹಿ ದಾಖಲೆ ತೆಗೆದು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಶೇ 50, ಶೇ 75, ಶೇ 95 ದಿನಗಳಲ್ಲಿ ಕನಿಷ್ಠ ಎಷ್ಟು ಹರಿವು ಇತ್ತೆಂದು ನೋಡಬೇಕು. ಗ್ರಿಡ್‌ಗೆ ಮಾರುವವನಿಗೆ ಮೊದಲೆರಡು ಅಂಕಿ ಮುಖ್ಯ. ಡೇಟಾ ಸೆಂಟರಿಗೆ ಮುಖ್ಯವಾದದ್ದು ಕೊನೆಯದು, ಮತ್ತು ನೀರಾವರಿ ನಾಲೆಯಲ್ಲಿ ಆ ಅಂಕಿ ಸೊನ್ನೆ.

ದಾಖಲೆ ಯಾವ ಜಾಗದ್ದು ಎಂಬುದೂ ಮುಖ್ಯ. ಅಣೆಕಟ್ಟೆಯ ಬಾಯಲ್ಲಿ ಬಿಟ್ಟ ಕ್ಯುಸೆಕ್ ಬೇರೆ, ಎಂಬತ್ತು ಕಿಲೋಮೀಟರ್ ಕೆಳಗಿನ ಡ್ರಾಪಿಗೆ ಮುಟ್ಟಿದ ಕ್ಯುಸೆಕ್ ಬೇರೆ. ನಡುವೆ ಉಪನಾಲೆಗಳಿವೆ, ಸೋರಿಕೆ ಇದೆ, ದಡದುದ್ದಕ್ಕೂ ಅಕ್ರಮ ಪಂಪ್‌ಸೆಟ್‌ಗಳಿವೆ. ಕೊನೆ ಭಾಗಕ್ಕೆ ನೀರು ಮುಟ್ಟಲಿಲ್ಲ ಎಂದು ದಾವಣಗೆರೆ, ಹರಿಹರದ ರೈತರು ಎತ್ತುವ ದೂರು ಟರ್ಬೈನಿಗೂ ಅಷ್ಟೇ ಅನ್ವಯಿಸುತ್ತದೆ. ಹಾಗಾಗಿ ಆಯ್ದ ಡ್ರಾಪಿನಲ್ಲೇ ಕನಿಷ್ಠ ಎರಡು ಹಂಗಾಮು ಮಟ್ಟದ ಸೆನ್ಸರ್ ಇಟ್ಟು, ನೀರಿನ ವೇಗ ಅಳೆಯುವ ಕರೆಂಟ್ ಮೀಟರ್‌ನಿಂದ ಬೇರೆ ಬೇರೆ ಮಟ್ಟದಲ್ಲಿ ಹರಿವು ಅಳೆದು, ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧ ಕಟ್ಟಿಕೊಳ್ಳಬೇಕು. ನದಿಯನ್ನೇ ನೆಚ್ಚುವುದಾದರೆ ಹೊನ್ನಾಳಿಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ, ತುಂಗಭದ್ರೆಯ ಹರಿವಿನ ದಾಖಲೆ ಅಲ್ಲಿಂದ ಸಿಗುತ್ತದೆ. ಆದರೆ ಹೊನ್ನಾಳಿ, ಹರಿಹರದ ಬಳಿ ನದಿ ಚಪ್ಪಟೆ. ಹೆಡ್ ಬೇಕಾದರೆ ಬ್ಯಾರೇಜ್ ಕಟ್ಟಬೇಕು, ಜಮೀನು ಮುಳುಗುತ್ತದೆ. ಜುಲೈ, ಆಗಸ್ಟ್‌ನ ನೆರೆಯಲ್ಲಿ ಕೆಳಗಿನ ಮಟ್ಟವೂ ಏರಿ ಹೆಡ್ ಕರಗುವುದರಿಂದ, ನೀರು ಅತಿ ಹೆಚ್ಚಿರುವ ವಾರಗಳಲ್ಲೇ ಘಟಕ ನಿಂತಿರುತ್ತದೆ.

ಗೇಟ್ ಯಾರ ಕೈಯಲ್ಲಿ

ಲಕ್ಕವಳ್ಳಿಯ ಭದ್ರಾ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ, ಗರಿಷ್ಠ ಮಟ್ಟ 186 ಅಡಿ. ಅಣೆಕಟ್ಟೆಯ ಬುಡದ ಹೆಡ್ಡನ್ನು ಕರ್ನಾಟಕ ವಿದ್ಯುತ್ ನಿಗಮ ಆಗಲೇ ಬಳಸುತ್ತಿದೆ. ನಮಗೆ ಉಳಿದಿರುವುದು ಮುಂದಿನ ನಾಲೆಯ ಚಿಕ್ಕ ಇಳಿತಗಳು. ನೀರು ಯಾವಾಗ ಬಿಡಬೇಕು, ಎಷ್ಟು ದಿನ ಬಿಡಬೇಕು ಎಂಬುದನ್ನು ನೀರಾವರಿ ಸಲಹಾ ಸಮಿತಿ ಪ್ರತಿ ಹಂಗಾಮಿಗೂ ಕೂತು ತೀರ್ಮಾನಿಸುತ್ತದೆ. ಜಲಾಶಯ ತುಂಬದ ವರ್ಷ ಇಷ್ಟು ದಿನ ಆನ್, ಇಷ್ಟು ದಿನ ಆಫ್ ಎಂದು ಸರದಿ ಬರುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ನಾಲೆಗೆ ನೀರು ನಿಲ್ಲಿಸುವ ತೀರ್ಮಾನದ ವಿರುದ್ಧ ದಾವಣಗೆರೆಯಲ್ಲಿ ರೈತರು ಬೀದಿಗಿಳಿದಿದ್ದರು. 2025ರ ಜೂನ್‌ನಲ್ಲಿ ಬಲದಂಡೆ ನಾಲೆ ಸೀಳಿ ಕುಡಿಯುವ ನೀರು ಒಯ್ಯುವ ಕಾಮಗಾರಿಯ ವಿರುದ್ಧ ಮತ್ತೆ ಹೋರಾಟ ಎದ್ದಿತು. ಕುಡಿಯುವ ನೀರಿಗೇ ಇಷ್ಟು ಜಗ್ಗಾಟ ಇರುವ ನಾಲೆಯಲ್ಲಿ ಸರ್ವರ್ ನಡೆಯಬೇಕೆಂದು ಯಾರೂ ಗೇಟ್ ಎತ್ತುವುದಿಲ್ಲ, ಎತ್ತಲೂಬಾರದು.

ಆದ್ದರಿಂದ ನೀರಾವರಿ ನಿಗಮದೊಂದಿಗಿನ ಒಪ್ಪಂದದಲ್ಲಿ ಬೆಳೆಗೆ ಬಿಟ್ಟ ನೀರಿನಿಂದ ಮಾತ್ರ ಉತ್ಪಾದನೆ, ವಿದ್ಯುತ್ತಿಗೆಂದು ಪ್ರತ್ಯೇಕ ನೀರಿಲ್ಲ ಎಂಬ ಷರತ್ತನ್ನು ಮೊದಲಿಗೇ ಒಪ್ಪಿಕೊಂಡು ಹಣದ ಲೆಕ್ಕ ಹಾಕಬೇಕು. ಮೆಗಾವಾಟಿಗೆ 10 ಕೋಟಿ ವೆಚ್ಚ ಎಂದಿಟ್ಟುಕೊಂಡರೆ ನಮ್ಮ ಘಟಕಕ್ಕೆ 7.2 ಕೋಟಿ. ಅಸಲು ಬಡ್ಡಿಗೆ ವರ್ಷಕ್ಕೆ ಶೇ 12, ನಿರ್ವಹಣೆಗೆ ಶೇ 4 ಎಂದರೆ 1.15 ಕೋಟಿ ಖರ್ಚು. ಒಳ್ಳೆಯ ವರ್ಷ ಯೂನಿಟ್ಟಿಗೆ 4 ರೂಪಾಯಿ 70 ಪೈಸೆ ಬೀಳುತ್ತದೆ. ಬೇಸಿಗೆ ಬೆಳೆಗೋ ಮಳೆಗಾಲದ ಬೆಳೆಗೋ ನೀರು ತಪ್ಪಿ 110 ದಿನ ಮಾತ್ರ ನಡೆದರೆ ಅದೇ ಯೂನಿಟ್ಟಿಗೆ 9 ರೂಪಾಯಿ 90 ಪೈಸೆ. ಹತ್ತು ವರ್ಷದಲ್ಲಿ ಅಂಥ ವರ್ಷ ಎರಡು ಮೂರು ಬರುತ್ತವೆಂದು ಹಿಡಿದು ಬ್ಯಾಂಕಿಗೆ ತೋರಿಸದ ಯೋಜನೆಯನ್ನು ನಂಬಬಾರದು.

ಚಿತ್ರದುರ್ಗದ ಕಡೆ ಬಂದರೆ ಪರಿಸ್ಥಿತಿ ಇನ್ನೂ ಬಿಗಿ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಸಾಮರ್ಥ್ಯ 30 ಟಿಎಂಸಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ನಡುವಿನ ದಶಕಗಳಲ್ಲಿ ಮಟ್ಟ ಏರಿಳಿಯುತ್ತಲೇ ಇತ್ತು. ಮಟ್ಟ ಇಳಿದರೆ ಹೆಡ್ ಇಳಿಯುತ್ತದೆ, ಹೆಡ್ ಇಳಿದರೆ ಅದೇ ತೂಬಿನಿಂದ ಬರುವ ಹರಿವೂ ಇಳಿಯುತ್ತದೆ. ಪೆಟ್ಟು ಎರಡೂ ಕಡೆಯಿಂದ. ಹೆಡ್ 30 ಮೀಟರಿನಿಂದ 18ಕ್ಕೆ ಬಂದರೆ ತೆರೆದ ಬಾಯಿ ಅಷ್ಟೇ ಇದ್ದರೂ ವಿದ್ಯುತ್ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಬರುವ ನೀರನ್ನು ವಿದ್ಯುತ್ ಸುಟ್ಟು ಮೇಲೆತ್ತಬೇಕು. ಒಂದು ಟಿಎಂಸಿಯನ್ನು ಒಂದು ಮೀಟರ್ ಎತ್ತಲು ಲಕ್ಷ ಯೂನಿಟ್ ಬೇಕು, ಇಳಿಸುವಾಗ 62 ಸಾವಿರ ವಾಪಸ್ ಬರುತ್ತದೆ. ಹೇಗೂ ಎತ್ತಿದ ನೀರು ಮುಂದೆ ಇಳಿಯುವ ಕಡೆ ಟರ್ಬೈನ್ ಇಟ್ಟು ಪಂಪಿನ ಖರ್ಚಿನಲ್ಲಿ ಒಂದಿಷ್ಟು ಹಿಂದೆ ಪಡೆಯುವುದು ಜಾಣತನ. ಅದನ್ನು ಡೇಟಾ ಸೆಂಟರಿನ ಮೂಲವಾಗಿ ಎಣಿಸುವುದು ಸರಿಯಲ್ಲ.

ಗ್ರಿಡ್ ಹೋದ ಆ ಕ್ಷಣ

ಪಕ್ಕದಲ್ಲೇ ಜಲವಿದ್ಯುತ್ ಘಟಕ ಇರುವಾಗ ಬೆಸ್ಕಾಂ ಲೈನ್ ಹೋದರೂ ಚಿಂತೆಯಿಲ್ಲ ಎಂಬ ನಂಬಿಕೆ ಬಹಳ ಕಡೆ ಇದೆ. ಸಾಮಾನ್ಯವಾಗಿ ಕಟ್ಟಿದ ಕಿರು ಘಟಕದಲ್ಲಿ ಆಗುವುದು ಇದರ ಉಲ್ಟಾ. ಲೈನ್ ಹೋದ ತಕ್ಷಣ ರಿಲೇ (ದೋಷ ಕಂಡೊಡನೆ ಸಂಪರ್ಕ ಕಡಿಸುವ ರಕ್ಷಣಾ ಸಾಧನ) ಘಟಕವನ್ನೂ ಬೇರ್ಪಡಿಸಿ ನಿಲ್ಲಿಸುತ್ತದೆ, ಏಕೆಂದರೆ ಸತ್ತ ಲೈನಿಗೆ ಕರೆಂಟ್ ಹಿಂದಿನಿಂದ ನುಗ್ಗಿದರೆ ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೆ ಅಪಾಯ. ಎರಡು ಮೂಲ ಎಂದು ಎಣಿಸಿದ್ದು ಒಂದೇ ಏಟಿಗೆ ಒಟ್ಟಿಗೇ ಹೋಗುತ್ತದೆ.

ಘಟಕ ಒಂಟಿಯಾಗಿ ಲೋಡ್ ಹೊರಬೇಕಾದರೆ ಅದನ್ನು ಮೊದಲಿನಿಂದಲೇ ಹಾಗೆ ಕಟ್ಟಬೇಕು. ಜನರೇಟರ್ ಸಿಂಕ್ರೊನಸ್ ಇರಲೇಬೇಕು, ಅಂದರೆ ತನ್ನ ಕಾಂತಕ್ಷೇತ್ರವನ್ನು ತಾನೇ ಹುಟ್ಟಿಸಿಕೊಳ್ಳುವಂಥದ್ದು. ಅಗ್ಗವೆಂದು ಇಂಡಕ್ಷನ್ ಜನರೇಟರ್ ಹಾಕಿದರೆ ಕಾಂತಕ್ಷೇತ್ರಕ್ಕಾಗಿ ಅದಕ್ಕೆ ಬೇಕಾದ ಪ್ರತಿಘಾತಕ ಶಕ್ತಿ (ರಿಯಾಕ್ಟಿವ್ ಪವರ್) ಗ್ರಿಡ್‌ನಿಂದಲೇ ಬರಬೇಕು, ಗ್ರಿಡ್ ಇಲ್ಲದಾಗ ಅದು ಕಬ್ಬಿಣದ ಮುದ್ದೆ. ಟರ್ಬೈನಿನ ವೇಗ ಹಿಡಿತದಲ್ಲಿಡುವ ಗವರ್ನರ್ ಬರೀ ನೀರಿನ ಮಟ್ಟ ನೋಡಿಕೊಂಡು ಗೇಟ್ ಆಡಿಸುವಂಥದ್ದು ಸಾಲದು, ಆವರ್ತನ ಹಿಡಿದು ನಿಲ್ಲಿಸುವಂಥದ್ದು ಬೇಕು. ಗವರ್ನರಿನ ಎಣ್ಣೆ ಪಂಪು, ಎಕ್ಸೈಟೇಶನ್ (ಜನರೇಟರಿನ ಕಾಂತಕ್ಷೇತ್ರಕ್ಕೆ ಕೊಡುವ ಕರೆಂಟ್), ರಿಲೇಗಳು ಹೊರಗಿನ ಕರೆಂಟ್ ಇಲ್ಲದೆ ಎದ್ದೇಳಲು ಪ್ರತ್ಯೇಕ ಡಿಸಿ ಬ್ಯಾಟರಿ ಬೇಕು. ಗ್ರಿಡ್ ಕಡೆಯ ಬ್ರೇಕರ್ ಎಲ್ಲಿ ತೆರೆಯಬೇಕು ಎಂಬುದನ್ನು ರಿಲೇ ಹೊಂದಾಣಿಕೆಯಲ್ಲಿ ಬರೆದಿಡಬೇಕು: ಲೈನ್ ಕಡೆ ತೆರೆದು ಘಟಕ ಮತ್ತು ಡೇಟಾ ಸೆಂಟರ್ ಒಂದಾಗಿ ಉಳಿಯಬೇಕು.

ಇಷ್ಟೆಲ್ಲ ಮಾಡಿದರೂ ನೀರಿಗೆ ತನ್ನದೇ ಜಡತ್ವ ಇದೆ. ಪೈಪಿನಲ್ಲಿರುವ ನೀರು ವೇಗ ಪಡೆಯಲು ಬೇಕಾದ ಸಮಯವನ್ನು ಪೈಪಿನ ಉದ್ದ × ನೀರಿನ ವೇಗ ÷ (9.81 × ಹೆಡ್) ಎಂದು ಲೆಕ್ಕ ಹಾಕುತ್ತಾರೆ. 60 ಮೀಟರ್ ಉದ್ದ, ಸೆಕೆಂಡಿಗೆ 3 ಮೀಟರ್ ವೇಗ, 8 ಮೀಟರ್ ಹೆಡ್ ಆದರೆ 2.3 ಸೆಕೆಂಡ್. ಅಷ್ಟರಲ್ಲಿ ಚಿಲ್ಲರ್ ಕಂಪ್ರೆಸರ್ ಒಂದು ಶುರುವಾಗಿ ಲೋಡ್ ದಿಢೀರನೆ ಏರಿದರೆ ಟರ್ಬೈನ್ ನಿಧಾನವಾಗಿ ಆವರ್ತನ ಕುಸಿಯುತ್ತದೆ. ಗೇಟನ್ನು ಬೇಗ ತೆರೆದರೆ ಆ ಕ್ಷಣ ಒತ್ತಡ ಇಳಿದು ವಿದ್ಯುತ್ ಇನ್ನೂ ಕಡಿಮೆಯಾಗುತ್ತದೆ, ಆಮೇಲೆ ಏರುತ್ತದೆ. ಇದಕ್ಕೆ ಉಪಾಯ ಮೂರು: ಪೈಪ್ ಗಿಡ್ಡ ಮಾಡುವುದು, ಶಾಫ್ಟಿಗೆ ಫ್ಲೈವೀಲ್ ಹಾಕುವುದು, ಕೆಲವು ನಿಮಿಷದ ಬ್ಯಾಟರಿ ಇನ್ವರ್ಟರನ್ನು ಬಸ್‌ಬಾರಿಗೆ ಕಟ್ಟಿ ಏರಿಳಿತವನ್ನು ಅದರ ಮೇಲೆ ಹಾಕುವುದು. ಮೂರನೆಯದು ಈಗ ಕೈಗೆಟಕುವ ದರದಲ್ಲಿದೆ, ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಕೃತಕ ಬುದ್ಧಿಮತ್ತೆಯ ತರಬೇತಿ ನಡೆಸುವ ಸರ್ವರ್‌ಗಳಾದರೆ ಅದಿಲ್ಲದೆ ಆಗುವುದೇ ಇಲ್ಲ. ಅವುಗಳ ಲೋಡ್ ಸೆಕೆಂಡುಗಳಲ್ಲಿ ಏರಿಳಿಯುತ್ತದೆ.

ಯುಪಿಎಸ್ ಇದೆಯಲ್ಲ ಎನ್ನಬಹುದು. ಆನ್‌ಲೈನ್ ಯುಪಿಎಸ್‌ನ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಆವರ್ತನದ ಏರಿಳಿತವನ್ನು ಸಾಕಷ್ಟು ಸಹಿಸುತ್ತದೆ. ಇನ್ವರ್ಟರ್ ಕೆಟ್ಟಾಗ ಲೋಡನ್ನು ನೇರವಾಗಿ ಮೂಲಕ್ಕೆ ಜೋಡಿಸುವ ಅದರ ಬೈಪಾಸ್ ದಾರಿ ಸಹಿಸುವುದಿಲ್ಲ. ಆವರ್ತನ ಶೇಕಡ ಒಂದೆರಡು ಆಚೀಚೆ ಹೋದರೆ ಬೈಪಾಸ್ ಜೊತೆ ತಾಳ ತಪ್ಪುತ್ತದೆ, ಆಗ ಇನ್ವರ್ಟರ್ ಕೆಟ್ಟರೆ ಲೋಡ್ ಬೀಳುತ್ತದೆ. ಇನ್ನೊಂದು ತೊಂದರೆ ಕಾಣದಂತೆ ಬರುವಂಥದ್ದು. ಕಡಿಮೆ ಲೋಡಿನಲ್ಲಿ ನಡೆಯುವ ಸರ್ವರ್ ಪವರ್ ಸಪ್ಲೈಗಳು ಮತ್ತು ಯುಪಿಎಸ್ ಫಿಲ್ಟರ್‌ಗಳು ಕೆಪಾಸಿಟರಿನ ಹಾಗೆ ವರ್ತಿಸಿ ಲೀಡಿಂಗ್ ಪವರ್ ಫ್ಯಾಕ್ಟರ್ ಕೊಡುತ್ತವೆ, ಅಂದರೆ ಕರೆಂಟ್ ವೋಲ್ಟೇಜಿಗಿಂತ ಮುಂದೆ ಓಡುತ್ತದೆ. ಚಿಕ್ಕ ಜನರೇಟರ್ ಒಂಟಿಯಾಗಿದ್ದಾಗ ಇದರಿಂದ ವೋಲ್ಟೇಜ್ ತಾನೇ ಏರಿ, ವೋಲ್ಟೇಜ್ ರೆಗ್ಯುಲೇಟರ್ ಎಕ್ಸೈಟೇಶನ್ ತಗ್ಗಿಸುತ್ತ ಹೋಗಿ ಹಿಡಿತ ಕಳೆದುಕೊಂಡು ಘಟಕ ಟ್ರಿಪ್ ಆಗುತ್ತದೆ. ಡೇಟಾ ಸೆಂಟರ್ ಅರ್ಧ ತುಂಬಿರುವ ಮೊದಲ ವರ್ಷದಲ್ಲೇ ಇದು ಹೆಚ್ಚು ಕಾಡುವ ಸಂಭವ.

ಘಟಕ ಟ್ರಿಪ್ ಆದಾಗ ನಾಲೆಗೆ ಏನಾಗುತ್ತದೆ ಎಂಬುದನ್ನು ವಿದ್ಯುತ್ ಇಂಜಿನಿಯರುಗಳು ಮರೆಯುತ್ತಾರೆ, ಅದೇ ಎಲ್ಲಕ್ಕಿಂತ ಅಪಾಯದ್ದು. ಸೆಕೆಂಡಿಗೆ 20 ಘನ ಮೀಟರ್ ನೀರು ಟರ್ಬೈನ್ ಗೇಟಿನ ಮುಂದೆ ತಟ್ಟನೆ ನಿಲ್ಲುತ್ತದೆ. 20 ಮೀಟರ್ ಅಗಲದ ನಾಲೆಯಲ್ಲಿ ಈ ನೀರು ಅಲೆಯಾಗಿ ಹಿಂದಕ್ಕೆ ಹೋಗುತ್ತದೆ, ನಾಲೆಯ ದಂಡೆ ದುರ್ಬಲವಾಗಿರುವ ಕಡೆ ಉಕ್ಕಿ ಕೊರೆಯುತ್ತದೆ. ಕೆಳಗಡೆ ಭತ್ತದ ಗದ್ದೆಗೆ ಸರದಿಯ ನೀರು ನಿಂತುಹೋಗುತ್ತದೆ. ಆದ್ದರಿಂದ ಹಳೆಯ ಡ್ರಾಪನ್ನು ಮುಚ್ಚದೆ ಬೈಪಾಸ್ ದಾರಿಯಾಗಿ ಉಳಿಸಿಕೊಳ್ಳಬೇಕು, ಪೂರ್ಣ ಹರಿವು ಕರೆಂಟ್ ಇಲ್ಲದೆಯೂ ತಾನಾಗಿ ಅದರ ಮೇಲೆ ಹಾದುಹೋಗುವಂತಿರಬೇಕು. ಮೋಟಾರಿನಿಂದ ಎತ್ತುವ ಗೇಟೊಂದನ್ನೇ ನೆಚ್ಚಿಕೊಂಡರೆ ಕರೆಂಟ್ ಹೋದಾಗಲೇ ಅದು ಬೇಕಾಗುತ್ತದೆ. ಉದ್ದನೆಯ ಕೋಡಿ ಗೋಡೆ ಅಥವಾ ಸೈಫನ್ ಒಳ್ಳೆಯದು; ಅವುಗಳಲ್ಲಿ ಕೆಡುವಂಥ ಭಾಗ ಇಲ್ಲ.

ಯಂತ್ರದ ಆಯ್ಕೆಯಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಇಷ್ಟು ಕಡಿಮೆ ಹೆಡ್ಡಿಗೆ ಹಡಗಿನ ಪ್ರೊಪೆಲರಿನಂಥ ಕ್ಯಾಪ್ಲಾನ್ ಜಾತಿಯ ಟರ್ಬೈನೇ ಸರಿ, ಅದೂ ರೆಕ್ಕೆ ಮತ್ತು ನೀರಿಗೆ ದಿಕ್ಕು ಕೊಡುವ ಗೈಡ್ ವೇನ್ ಎರಡೂ ತಿರುಗುವಂಥದ್ದು. ಹರಿವು ಮೂರನೇ ಒಂದು ಭಾಗಕ್ಕೆ ಇಳಿದರೂ ನಡೆಯುತ್ತದೆ. 20 ಘನ ಮೀಟರಿನ ಒಂದು ಯಂತ್ರಕ್ಕಿಂತ ಹತ್ತರ ಎರಡು ಯಂತ್ರ ದುಬಾರಿಯಾದರೂ ಮೇಲು. ಆನ್-ಆಫ್ ಸರದಿಯ ನಾಲೆಯಲ್ಲಿ ಅರ್ಧ ಹರಿವಿನ ದಿನಗಳೇ ಹೆಚ್ಚು. ಕಸದ ಜಾಲರಿಯನ್ನು ಮಾತ್ರ ಹಗುರವಾಗಿ ಎಣಿಸಬಾರದು. ಚನ್ನಗಿರಿ ಸೀಮೆಯ ನಾಲೆಯಲ್ಲಿ ಅಡಿಕೆ ಹಾಳೆ, ತೆಂಗಿನ ಗರಿ, ಪ್ಲಾಸ್ಟಿಕ್, ಗಣಪತಿ ಹಬ್ಬದ ಮರುದಿನ ಹುಲ್ಲು ಮತ್ತು ಹೂವಿನ ರಾಶಿ ತೇಲಿ ಬರುತ್ತವೆ. ಅಡಿಕೆ ಹಾಳೆ ಜಾಲರಿಗೆ ಚಪ್ಪಟೆಯಾಗಿ ಅಂಟಿಕೊಂಡರೆ ಕೆಲವೇ ಗಂಟೆಗಳಲ್ಲಿ 20 ಸೆಂಟಿಮೀಟರ್ ಹೆಡ್ ತಿನ್ನುತ್ತದೆ, ಅದು ಉತ್ಪಾದನೆಯ ಶೇ 4. ಯಂತ್ರದಿಂದ ಜಾಲರಿ ಗುಡಿಸುವ ವ್ಯವಸ್ಥೆ ಅಂದಾಜು ಪಟ್ಟಿಯಲ್ಲಿ ಇಲ್ಲದಿದ್ದರೆ ರಾತ್ರಿ ಪಾಳಿಗೆ ಇಬ್ಬರು ಆಳುಗಳ ಕೂಲಿಯನ್ನಾದರೂ ಸೇರಿಸಬೇಕು.

ತಂಪಿಗೆ ನೀರು, ಅಂತರಕ್ಕೆ ಗಾಳಿ

400 ಕಿಲೋವಾಟ್ ಸರ್ವರ್ ಬಿಸಿಯನ್ನು ನೀರು ಆವಿ ಮಾಡಿಯೇ ಕಳೆಯುವುದಾದರೆ ಒಂದು ಯೂನಿಟ್ ಬಿಸಿಗೆ ಸುಮಾರು ಒಂದೂವರೆ ಲೀಟರ್ ಬೇಕು. ದಿನಕ್ಕೆ 9,600 ಯೂನಿಟ್, ಅಂದರೆ 14 ಸಾವಿರ ಲೀಟರ್ ಆವಿ, ಮೇಲೆ ತೊಳೆದು ಬಿಡುವ ನೀರು ಬೇರೆ. ಬೇಸಿಗೆಯಲ್ಲಿ ಟ್ಯಾಂಕರ್ ಓಡಾಡುವ ಚಿತ್ರದುರ್ಗದಲ್ಲಿ ಇದನ್ನು ಕೊಳವೆಬಾವಿಯಿಂದ ತೆಗೆಯುವುದು ಸರಿಯಲ್ಲ. ಟರ್ಬೈನ್ ದಾಟಿದ ನಾಲೆಯ ನೀರನ್ನು ಶಾಖ ವಿನಿಮಯಕದ ಮೂಲಕ ಹಾಯಿಸಿ ವಾಪಸ್ ಬಿಟ್ಟರೆ ಆವಿಯ ನಷ್ಟ ತಪ್ಪುತ್ತದೆ. 20 ಘನ ಮೀಟರ್ ಹರಿವಿಗೆ 400 ಕಿಲೋವಾಟ್ ಬಿಸಿ ಸೇರಿದರೆ ಉಷ್ಣಾಂಶ ಏರುವುದು ಒಂದು ಡಿಗ್ರಿಯ ಇನ್ನೂರನೇ ಒಂದು ಭಾಗ. ನಾಲೆ ಪಕ್ಕ ಕಟ್ಟುವುದರ ನಿಜವಾದ ಲಾಭ ವಿದ್ಯುತ್ತಿಗಿಂತ ಇದೇ ಇರಬಹುದು. ನಾಲೆ ಒಣಗಿದ ದಿನಗಳಿಗೆ ಗಾಳಿಯಿಂದ ತಂಪು ಮಾಡುವ ಚಿಲ್ಲರ್ ಹೇಗೂ ಬೇಕು.

ನಾಲೆ ನಿಲ್ಲುವ ತಿಂಗಳುಗಳನ್ನು ಚಿತ್ರದುರ್ಗದ ಗಾಳಿ ತುಂಬೀತೇ? ಇಲ್ಲಿಯ ಗಾಳಿ ಜೋರಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬೇಸಿಗೆ ಬೆಳೆ ಮುಗಿದು ಮಳೆಗಾಲದ ನೀರು ಬಿಡುವವರೆಗಿನ ಜೂನ್, ಜುಲೈ ಅಂತರವನ್ನು ಅದು ಚೆನ್ನಾಗಿ ತುಂಬುತ್ತದೆ. ಡಿಸೆಂಬರ್ ಸುಮಾರಿನ ಅಂತರವನ್ನು ತುಂಬುವುದಿಲ್ಲ. ಆಗ ಹಗಲಿಗೆ ಬಿಸಿಲು ಇದೆ, ರಾತ್ರಿಗೆ ಗ್ರಿಡ್ ಒಂದೇ. ಕೇಂದ್ರದ 2022ರ ಹಸಿರು ಇಂಧನ ಮುಕ್ತ ಪ್ರವೇಶ (ಗ್ರಿಡ್ ಮೂಲಕ ಉತ್ಪಾದಕರಿಂದ ನೇರವಾಗಿ ವಿದ್ಯುತ್ ಪಡೆಯುವ) ನಿಯಮಗಳು 100 ಕಿಲೋವಾಟ್ ಲೋಡಿನವರಿಗೂ ಬಾಗಿಲು ತೆರೆದಿವೆ, ಸ್ವಂತ ಬಳಕೆಯ ಘಟಕ ಎನಿಸಿಕೊಳ್ಳಲು ಶೇ 26 ಪಾಲು ಮತ್ತು ಶೇ 51 ಬಳಕೆ ಇರಬೇಕು. ಆದರೆ ಗ್ರಿಡ್‌ನಲ್ಲಿ ಜಮಾ ಇಡುವುದಕ್ಕೆ ಆ ನಿಯಮಗಳು ಖಾತ್ರಿ ಕೊಡುವುದು ತಿಂಗಳ ಲೆಕ್ಕಕ್ಕೆ ಮಾತ್ರ. ಸೆಪ್ಟೆಂಬರಿನ ಹೆಚ್ಚುವರಿ ಡಿಸೆಂಬರಿಗೆ ಬರುತ್ತದೆ ಎಂದು ಯೋಜನೆ ಬರೆಯಬಾರದು.

ಈ ಎಲ್ಲ ಕಾರಣಕ್ಕೆ ಇಲ್ಲಿ ಒಪ್ಪುವ ರೂಪ ಎರಡು. ಮೊದಲನೆಯದರಲ್ಲಿ ಡೇಟಾ ಸೆಂಟರ್ ದೊಡ್ಡ ಸಬ್‌ಸ್ಟೇಷನ್ ಹತ್ತಿರ ಇರಬೇಕು, ಬೇರೆ ಬೇರೆ ದಿಕ್ಕಿನ ಎರಡು ಫೀಡರ್ ಇರಬೇಕು. ನಾಲೆಯ ಘಟಕ ಎಲ್ಲೇ ಇರಲಿ, ಅದರ ಯೂನಿಟ್ ಗ್ರಿಡ್ ಮೂಲಕ ಬಿಲ್ಲಿನಲ್ಲಿ ಕಳೆಯಲಿ. ಎರಡನೆಯದರಲ್ಲಿ ಎರಡೂ ಪಕ್ಕಪಕ್ಕ ಇರಬಹುದು, ಆದರೆ ನಿಲ್ಲಬಾರದ ಲೋಡ್ 100ರಿಂದ 150 ಕಿಲೋವಾಟ್ ಮೀರಬಾರದು. ಉಳಿದದ್ದು ವಿಡಿಯೊ ರೆಂಡರಿಂಗ್, ಹವಾಮಾನ ಮಾದರಿ, ಕೃತಕ ಬುದ್ಧಿಮತ್ತೆಯ ತರಬೇತಿಯಂಥ, ನಿಲ್ಲಿಸಿ ಮತ್ತೆ ಮುಂದುವರಿಸಬಹುದಾದ ಕೆಲಸ. ನೀರು ಬಂದಾಗ ಅವು ನಡೆಯಲಿ, ನಿಂತಾಗ ನಿಲ್ಲಲಿ. ಇಂಥ ಗ್ರಾಹಕರನ್ನು ಮೊದಲು ಹುಡುಕಿ, ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ ಮೇಲಷ್ಟೇ ಟರ್ಬೈನಿಗೆ ಆರ್ಡರ್ ಕೊಡಬೇಕು.

ಈಗಾಗಲೇ ಇರುವ ಘಟಕವನ್ನು ಕೊಳ್ಳುವವರು ಹಣ ಕೊಡುವ ಮುನ್ನ ಕೇಳಬೇಕಾದ ಪರೀಕ್ಷೆಯೊಂದಿದೆ. ಸರ್ವರ್ ಬದಲು ಲೋಡ್ ಬ್ಯಾಂಕ್ (ಪರೀಕ್ಷೆಗೆಂದೇ ವಿದ್ಯುತ್ ಎಳೆಯುವ ಉಪಕರಣ) ಕಟ್ಟಿ, ಘಟಕ ಪೂರ್ತಿ ಲೋಡಿನಲ್ಲಿ ನಡೆಯುವಾಗ ಗ್ರಿಡ್ ಬ್ರೇಕರ್ ತೆರೆಯಿರಿ. ಆವರ್ತನ ಎಷ್ಟಕ್ಕೆ ಏರಿತು, ಎಷ್ಟು ಸೆಕೆಂಡಿನಲ್ಲಿ 50ಕ್ಕೆ ಮರಳಿತು ಎಂದು ದಾಖಲಿಸಿ. ಆಮೇಲೆ ಶೇ 10, ಶೇ 20, ಶೇ 30ರ ಮೆಟ್ಟಿಲುಗಳಲ್ಲಿ ಲೋಡ್ ಏರಿಸಿ ಇಳಿಸಿ. ಕೊನೆಗೆ ಘಟಕವನ್ನು ಪೂರ್ತಿ ನಿಲ್ಲಿಸಿ, ಹೊರಗಿನ ಕರೆಂಟ್ ಇಲ್ಲದೆ ಮತ್ತೆ ಎಬ್ಬಿಸಿ, ಅಷ್ಟು ಹೊತ್ತೂ ಡ್ರಾಪಿನ ಮೇಲಿನ ಮತ್ತು ಕೆಳಗಿನ ನೀರಿನ ಮಟ್ಟವನ್ನು ನಿಮಿಷ ನಿಮಿಷಕ್ಕೆ ಬರೆದಿಡಿ. ಇದೆಲ್ಲ ಎಪ್ಪತ್ತೆರಡು ಗಂಟೆಯ ಕೆಲಸ, ನಾಲೆಯಲ್ಲಿ ನೀರಿರುವ ಹಂಗಾಮಿನಲ್ಲೇ ಆಗಬೇಕು, ಗೇಟಿನ ಬಳಿ ನೀರಾವರಿ ಇಲಾಖೆಯ ಇಂಜಿನಿಯರ್ ಇರಬೇಕು. ಮಾರುವವರು ಇದಕ್ಕೆ ಒಪ್ಪದಿದ್ದರೆ ಆ ಘಟಕವನ್ನು ಡೇಟಾ ಸೆಂಟರಿಗೆಂದು ಕೊಳ್ಳಬೇಡಿ.